ಪಾಠ 12: ಅಳಿಸುವ ಮೊದಲು ನಕಲು ಇಡೋಣ



ಹೆಪ್ಪು ಹಾಕುವುದು ನಮಗೆಲ್ಲ ಗೊತ್ತು. ಇದ್ದ ಮೊಸರನ್ನೆಲ್ಲ ಬಡಿಸಿ ಮುಗಿಸುವುದಿಲ್ಲ. ನಾಳೆಯ ಹೆಪ್ಪಿಗೆ ಅಂತ ಒಂದು ಚಮಚ ಎತ್ತಿಡುತ್ತೇವೆ. ರಾಗಿ, ಜೋಳ ಬೆಳೆಯುವವರು ಬಿತ್ತನೆ ಬೀಜ ಬೇರೆ ತೆಗೆದಿಡುತ್ತಾರೆ. ಎಷ್ಟೇ ಕಷ್ಟ ಬಂದರೂ ಆ ಬೀಜವನ್ನು ಹಿಟ್ಟು ಮಾಡಿಸುವುದಿಲ್ಲ. ಯಾಕೆ? ಅದು ಹೋದರೆ ಮುಂದಿನ ಬೆಳೆಯೇ ಇಲ್ಲ.

ಕಂಪ್ಯೂಟರಿಗೂ ಇದೇ ಮಾತು ಸಲ್ಲುತ್ತದೆ. ಈಗ ಎಷ್ಟೋ ಸ್ವಸಹಾಯ ಸಂಘಗಳ ಲೆಕ್ಕ ಕಂಪ್ಯೂಟರಿನಲ್ಲಿದೆ. ಕಂಪ್ಯೂಟರ್ ಕೆಡುತ್ತದೆ, ರಿಪೇರಿಗೆ ಹೋಗುತ್ತದೆ. ಆಗ ನಮ್ಮ ಲೆಕ್ಕದ ಗತಿ ಏನು? ಈ ಪಾಠದಲ್ಲಿ ಅದನ್ನು ತಿಳಿಯೋಣ.

ಅಂಗಡಿಯಲ್ಲಿ ನಡೆಯುವ ಮಾತು

ಒಂದು ಸಂಘ ಇದೆ ಎಂದುಕೊಳ್ಳೋಣ. ಅದರಲ್ಲಿ 18 ಮಂದಿ ಇದ್ದಾರೆ. ಒಬ್ಬೊಬ್ಬರದು ವಾರಕ್ಕೆ 50 ರೂಪಾಯಿ ಉಳಿತಾಯ. ಹಾಗಾದರೆ ವಾರಕ್ಕೆ 900 ರೂಪಾಯಿ ಆಯಿತು. ಐದು ವರ್ಷಕ್ಕೆ 260 ವಾರ. ಒಟ್ಟು 2,34,000 ರೂಪಾಯಿ.

ಹಣ ಬ್ಯಾಂಕಿನಲ್ಲಿ ಭದ್ರವಾಗಿದೆ. ಆದರೆ ಆ ಹಣದಲ್ಲಿ ಯಾರದು ಎಷ್ಟು? ಯಾರು ಎಷ್ಟು ಸಾಲ ತೆಗೆದರು? ಎಷ್ಟು ಕಂತು ಕಟ್ಟಿದರು? ಬ್ಯಾಂಕಿನ ಪಾಸ್‌ಬುಕ್ ಇದನ್ನು ಹೇಳುವುದಿಲ್ಲ. ಅಲ್ಲಿ ಸಂಘದ ಒಟ್ಟು ಹಣ ಮಾತ್ರ ಕಾಣುತ್ತದೆ. ಒಬ್ಬೊಬ್ಬರ ಲೆಕ್ಕ ಸಂಘದ ಹತ್ತಿರ ಮಾತ್ರ ಇದೆ. ಈ ಸಂಘದ ಲೆಕ್ಕ ಇರುವುದು ಕಂಪ್ಯೂಟರಿನೊಳಗೆ.

ಒಂದು ದಿನ ಕಂಪ್ಯೂಟರ್ ತೀರಾ ನಿಧಾನವಾಯಿತು. ಲೆಕ್ಕ ಬರೆಯುವ ಅಕ್ಕ ಅದನ್ನು ಅಂಗಡಿಗೆ ಕೊಂಡುಹೋದಳು.

"ಅಕ್ಕಾ, ವಿಂಡೋಸ್ ಕೆಟ್ಟಿದೆ. ಫಾರ್ಮ್ಯಾಟ್ ಮಾಡಿ ಹೊಸದು ಹಾಕ್ಬೇಕು."

"ಹಾಗಂದ್ರೆ ಏನಪ್ಪಾ?"

"ಎಲ್ಲಾ ಕ್ಲೀನ್ ಆಗುತ್ತೆ ಅಕ್ಕಾ. ಹೊಸಾ ಮಿಷಿನ್ ಥರ ಓಡುತ್ತೆ."

"ಹಾಗಾದ್ರೆ ಹಾಕಪ್ಪಾ."

ಸಂಜೆ ಕಂಪ್ಯೂಟರ್ ಬಂತು. ಚೆನ್ನಾಗಿ ಓಡಿತು. ಆದರೆ ಲೆಕ್ಕ ಇಲ್ಲ. ಐದು ವರ್ಷದ ಬರಹ ಒಂದೂ ಇಲ್ಲ. ಹುಡುಗ ಸುಳ್ಳು ಹೇಳಲಿಲ್ಲ. ಎಲ್ಲ ಕ್ಲೀನ್ ಆಗುತ್ತೆ ಅಂತಲೇ ಹೇಳಿದ್ದ. ಆ "ಎಲ್ಲ"ದಲ್ಲಿ ಲೆಕ್ಕವೂ ಸೇರಿತ್ತು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆ ಏನು ಬಂತು? ಆದ್ದರಿಂದ ಮೊದಲೇ ತಿಳಿದುಕೊಳ್ಳೋಣ.

ವಿಂಡೋಸ್ ಎಂದರೆ ಏನು?

ಕಂಪ್ಯೂಟರ್ ಬರೀ ಯಂತ್ರ. ತಾನಾಗಿ ಏನೂ ಮಾಡಲಾರದು. ನಾವು ಕೀಲಿ ಒತ್ತಿದರೆ ಅಕ್ಷರ ಪರದೆಯ ಮೇಲೆ ಬರಬೇಕು. ಬರೆದದ್ದು ಒಳಗೆ ಉಳಿಯಬೇಕು. ಕೇಳಿದಾಗ ಪ್ರಿಂಟರಿಗೆ ಹೋಗಬೇಕು. ಈ ಎಲ್ಲ ಕೆಲಸವನ್ನು ಹಂಚಿ ನಡೆಸಲು ಒಂದು ತಂತ್ರಾಂಶ ಬೇಕು. ಮನೆಯಲ್ಲಿ ಎಲ್ಲರ ಕೆಲಸ ನೋಡಿಕೊಳ್ಳುವ ಅಜ್ಜಿ ಇದ್ದ ಹಾಗೆ. ಇದಕ್ಕೆ ಕಾರ್ಯಾಚರಣಾ ವ್ಯವಸ್ಥೆ ಎನ್ನುತ್ತಾರೆ. ಆಪರೇಟಿಂಗ್ ಸಿಸ್ಟಮ್ ಅಂತಲೂ ಕರೆಯುತ್ತಾರೆ.

ವಿಂಡೋಸ್ ಅಂಥದ್ದೊಂದು ವ್ಯವಸ್ಥೆ. ಇದನ್ನು ಮೈಕ್ರೋಸಾಫ್ಟ್ ಕಂಪನಿ 1985ರಲ್ಲಿ ಮೊದಲು ಹೊರತಂದಿತು. ಲಿನಕ್ಸ್ ಇನ್ನೊಂದು. ಇದನ್ನು 1991ರಲ್ಲಿ ಫಿನ್ಲೆಂಡ್ ದೇಶದ ಲೀನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಶುರುಮಾಡಿದರು. ಉಬುಂಟು ಎಂಬುದು ಲಿನಕ್ಸಿನ ಒಂದು ಬಗೆ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ನಮ್ಮ ಮೊಬೈಲಿನ ಆಂಡ್ರಾಯ್ಡ್ ಕೂಡ ಲಿನಕ್ಸ್ ತಳಪಾಯದ ಮೇಲೆ ಕಟ್ಟಿದ್ದೇ.

ಈ ವ್ಯವಸ್ಥೆ ಕೆಟ್ಟರೆ ಕಂಪ್ಯೂಟರ್ ನಿಧಾನವಾಗುತ್ತದೆ. ಕೆಲವು ಸಲ ಏಳುವುದೇ ಇಲ್ಲ. ವೈರಸ್ ಎಂಬ ಕೇಡಿನ ತಂತ್ರಾಂಶ ಹೊಕ್ಕರೂ ಹಾಗೇ. ಆಗ ಹಳೆಯದನ್ನು ತೆಗೆದು ಹೊಸದಾಗಿ ಹಾಕಬೇಕಾಗುತ್ತದೆ.

ಹೊಸ ಆವೃತ್ತಿ ಬಂದಾಗಲೂ ಈ ಕೆಲಸ ಬರುತ್ತದೆ. ವಿಂಡೋಸ್ 10ಕ್ಕೆ ಕಂಪನಿ ಎಲ್ಲರಿಗೂ ಉಚಿತವಾಗಿ ಕೊಡುತ್ತಿದ್ದ ಮಾಮೂಲು ಸುರಕ್ಷಾ ತಿದ್ದುಪಡಿ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಾಗಿ ಬಹಳ ಜನ ವಿಂಡೋಸ್ 11 ಹಾಕಿಸುತ್ತಿದ್ದಾರೆ. ಅದು ಎಲ್ಲ ಹಳೆಯ ಕಂಪ್ಯೂಟರಿಗೂ ಹೊಂದುವುದಿಲ್ಲ. ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಭದ್ರತಾ ಭಾಗ ಇರಬೇಕು. ಇಲ್ಲದಿದ್ದರೆ ಲಿನಕ್ಸ್ ಹಾಕಿ ಅದೇ ಕಂಪ್ಯೂಟರನ್ನು ಇನ್ನಷ್ಟು ವರ್ಷ ನಡೆಸಬಹುದು. ಆದರೆ ವಿಂಡೋಸಿಗಾಗಿ ಮಾಡಿದ ಎಲ್ಲ ತಂತ್ರಾಂಶವೂ ಲಿನಕ್ಸಿನಲ್ಲಿ ಓಡುವುದಿಲ್ಲ. ಅದನ್ನು ಮೊದಲೇ ಕೇಳಿ ತಿಳಿಯಬೇಕು.

ಒಂದು ಮಾತು ನೆನಪಿರಲಿ. ವಿಂಡೋಸ್ ಹೋದರೆ ಮತ್ತೆ ಸಿಗುತ್ತದೆ. ಲಿನಕ್ಸ್ ಹೋದರೆ ಮತ್ತೆ ಸಿಗುತ್ತದೆ. ಪಹಣಿಯ ನಕಲು ಹೋದರೆ ಅರ್ಜಿ ಹಾಕಿ ಮತ್ತೆ ಪಡೆಯಬಹುದು. ಆದರೆ ಸಂಘದ ಲೆಕ್ಕ ಮತ್ತೆ ಎಲ್ಲಿ ಸಿಗುತ್ತದೆ? ತೀರಿಕೊಂಡ ಅಮ್ಮನ ಫೋಟೋ ಯಾವ ಅಂಗಡಿಯಲ್ಲಿ ಸಿಗುತ್ತದೆ?

ನಮ್ಮ ಬರಹ ಎಲ್ಲಿದೆ?

ಕಂಪ್ಯೂಟರಿನೊಳಗೆ ಡಿಸ್ಕ್ ಇರುತ್ತದೆ. ಅದು ನಮ್ಮ ಪೆಟ್ಟಿಗೆ ಇದ್ದ ಹಾಗೆ. ಪೆಟ್ಟಿಗೆಯಲ್ಲಿ ಖಾನೆಗಳಿರುತ್ತವೆ. ಒಂದಕ್ಕೆ ಸಿ ಡ್ರೈವ್ ಎಂದು ಹೆಸರು. ಇನ್ನೊಂದು ಇದ್ದರೆ ಅದಕ್ಕೆ ಸಾಮಾನ್ಯವಾಗಿ ಡಿ ಡ್ರೈವ್ ಎಂದು ಹೆಸರು. ವಿಂಡೋಸ್ ಇರುವುದು ಸಿ ಡ್ರೈವಿನಲ್ಲಿ.

ಇಲ್ಲಿ ಎರಡು ಕಡೆ ಜನ ಮೋಸ ಹೋಗುತ್ತಾರೆ.

ಮೊದಲನೆಯದು: ಕಂಪ್ಯೂಟರ್ ತೆರೆದ ಕೂಡಲೇ ಕಾಣುವ ಪರದೆಗೆ ಡೆಸ್ಕ್‌ಟಾಪ್ ಎನ್ನುತ್ತಾರೆ. ಅಲ್ಲಿಟ್ಟ ಫೈಲು ಕಣ್ಣ ಮುಂದೆಯೇ ಇರುತ್ತದೆ. ಹಾಗಾಗಿ ಅದು ಭದ್ರ ಎಂದುಕೊಳ್ಳುತ್ತೇವೆ. ಆದರೆ ಡೆಸ್ಕ್‌ಟಾಪ್ ಇರುವುದು ಸಾಮಾನ್ಯವಾಗಿ ಸಿ ಡ್ರೈವಿನೊಳಗೇ. ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಎಂಬವೂ ಅಲ್ಲೇ. ಸಿ ಡ್ರೈವ್ ಅಳಿಸಿದರೆ ಇವೆಲ್ಲ ಅಳಿಸಿಹೋಗುತ್ತವೆ.

ಎರಡನೆಯದು: "ಡಿ ಡ್ರೈವಿಗೆ ಹಾಕಿದ್ದೀನಿ, ಭಯ ಇಲ್ಲ" ಎನ್ನುತ್ತಾರೆ. ಎಷ್ಟೋ ಕಂಪ್ಯೂಟರಿನಲ್ಲಿ ಸಿ ಮತ್ತು ಡಿ ಒಂದೇ ಡಿಸ್ಕಿನ ಎರಡು ಖಾನೆ. ಡಿಸ್ಕೇ ಕೆಟ್ಟರೆ ಎರಡೂ ಹೋದವು. ಕಳ್ಳ ಪೆಟ್ಟಿಗೆಯನ್ನೇ ಹೊತ್ತರೆ ಯಾವ ಖಾನೆಯಲ್ಲಿ ಇಟ್ಟರೇನು?

ಆದ್ದರಿಂದ ನಕಲು ಪೆಟ್ಟಿಗೆಯ ಹೊರಗೆ ಇರಬೇಕು. ಹೀಗೆ ಹೊರಗೆ ನಕಲು ಇಡುವುದಕ್ಕೆ ಬ್ಯಾಕಪ್ ಎಂದು ಹೆಸರು.

ನಕಲು ಎಲ್ಲಿ ಇಡುವುದು?

ಹಿಂದೆ ಫ್ಲಾಪಿ ಎಂಬ ಚೌಕಾಕಾರದ ತಟ್ಟೆ ಇತ್ತು. ಅದರಲ್ಲಿ 1.44 ಎಂಬಿಯಷ್ಟು ಮಾತ್ರ ಹಿಡಿಯುತ್ತಿತ್ತು. ಮೊಬೈಲಿನಲ್ಲಿ ಈಗ ತೆಗೆಯುವ ಒಂದು ಫೋಟೋ ಕೂಡ ಅದಕ್ಕೆ ಹಿಡಿಯದೆ ಹೋಗಬಹುದು. ಆಮೇಲೆ ಸಿಡಿ ಬಂತು. ಅದರಲ್ಲಿ ಸುಮಾರು 700 ಎಂಬಿ ಹಿಡಿಯುತ್ತದೆ. ಸಾಮಾನ್ಯ ಡಿವಿಡಿಯಲ್ಲಿ 4.7 ಜಿಬಿ ಹಿಡಿಯುತ್ತದೆ. ಒಂದು ಜಿಬಿ ಎಂದರೆ ಸುಮಾರು ಒಂದು ಸಾವಿರ ಎಂಬಿ.

ಈಗ ಹೆಚ್ಚು ಬಳಸುವುದು ಪೆನ್ ಡ್ರೈವ್. ಬೆರಳಿನಷ್ಟು ಗಾತ್ರ. 32 ಜಿಬಿ, 64 ಜಿಬಿ ಹಿಡಿಯುವವು ಸುಲಭವಾಗಿ ಸಿಗುತ್ತವೆ. ಫೋಟೋ, ವಿಡಿಯೋ ಬಹಳ ಇದ್ದರೆ ಹೊರಗಿನ ಹಾರ್ಡ್ ಡಿಸ್ಕ್ ಬೇಕು. ಪೆನ್ ಡ್ರೈವ್ ಕೂಡ ಕೆಡುತ್ತದೆ, ಕಳೆದುಹೋಗುತ್ತದೆ. ಅದಕ್ಕೇ ಒಂದನ್ನೇ ನಂಬಬಾರದು.

ತಿಳಿದವರು ಒಂದು ಲೆಕ್ಕ ಹೇಳುತ್ತಾರೆ: ಮೂರು, ಎರಡು, ಒಂದು.

ಮೂರು ಪ್ರತಿ ಇರಲಿ. ಕಂಪ್ಯೂಟರಿನಲ್ಲಿ ಒಂದು, ಹೊರಗೆ ಎರಡು.

ಎರಡು ಬಗೆಯ ಸಾಧನದಲ್ಲಿ ಇರಲಿ. ಒಂದು ಪೆನ್ ಡ್ರೈವಿನಲ್ಲಿ ಇದ್ದರೆ ಇನ್ನೊಂದು ಹಾರ್ಡ್ ಡಿಸ್ಕಿನಲ್ಲಿ ಇರಲಿ.

ಒಂದು ಪ್ರತಿ ಬೇರೆ ಜಾಗದಲ್ಲಿ ಇರಲಿ. ಸಂಘದ ಕಚೇರಿಯಲ್ಲಿ ಕಂಪ್ಯೂಟರ್ ಇದ್ದರೆ, ಒಂದು ಪ್ರತಿ ಅಧ್ಯಕ್ಷೆಯ ಮನೆಯಲ್ಲಿ ಇರಲಿ. ಮಳೆ ನೀರು ನುಗ್ಗಿದರೂ, ಬೆಂಕಿ ಬಿದ್ದರೂ ಒಂದು ಉಳಿಯುತ್ತದೆ.

ಇದರ ಜೊತೆಗೆ ಕಾಗದವನ್ನೂ ಬಿಡಬೇಡಿ. ತಿಂಗಳಿಗೊಮ್ಮೆ ಲೆಕ್ಕ ಪ್ರಿಂಟ್ ಮಾಡಿ. ಎಲ್ಲ ಸದಸ್ಯರ ಮುಂದೆ ಓದಿ ಸಹಿ ಮಾಡಿಸಿ. ಕಡತದಲ್ಲಿ ಹಾಕಿ. ಕರೆಂಟು ಇಲ್ಲದಾಗಲೂ ಕಾಗದ ಓದಬಹುದು.

ಏನೇನು ನಕಲು ಮಾಡಬೇಕು?

ಒಂದು ಹಾಳೆಯಲ್ಲಿ ಮೊದಲು ಪಟ್ಟಿ ಬರೆಯೋಣ.

1. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್. ಈ ನಾಲ್ಕರಲ್ಲಿ ಇರುವ ಎಲ್ಲವೂ.

2. ಲೆಕ್ಕದ ತಂತ್ರಾಂಶದ ಮಾಹಿತಿ. ಟ್ಯಾಲಿಯಂಥ ತಂತ್ರಾಂಶ ತನ್ನ ಲೆಕ್ಕವನ್ನು ಬೇರೆ ಫೋಲ್ಡರಿನಲ್ಲಿ ಇಟ್ಟುಕೊಳ್ಳುತ್ತದೆ. ಅದು ಡೆಸ್ಕ್‌ಟಾಪಿನಲ್ಲಿ ಕಾಣುವುದಿಲ್ಲ. ಅಲ್ಲಿ ಕಾಣುವುದು ಬಾಗಿಲು ಮಾತ್ರ. ಬಾಗಿಲನ್ನು ನಕಲು ಮಾಡಿದರೆ ಮನೆ ಬರುವುದಿಲ್ಲ! ಟ್ಯಾಲಿಯೊಳಗೇ ಬ್ಯಾಕಪ್ ಎಂಬ ಆಯ್ಕೆ ಇದೆ. ಅದನ್ನು ಬಳಸಿ.

3. ಕನ್ನಡದ ಫಾಂಟ್ ಮತ್ತು ತಂತ್ರಾಂಶ. ಇದರ ವಿಷಯ ಮುಂದೆ ಹೇಳುತ್ತೇವೆ.

4. ಗುಪ್ತಪದಗಳು. ಇವನ್ನು ಪುಸ್ತಕದಲ್ಲಿ ಬರೆದು ಬೀರುವಿನಲ್ಲಿಡಿ. ಕಂಪ್ಯೂಟರಿಗೆ ಅಂಟಿಸಬೇಡಿ.

5. ಬೀಗದ ಸಂಖ್ಯೆ. ಕೆಲವು ಕಂಪ್ಯೂಟರಿನಲ್ಲಿ ಬಿಟ್‌ಲಾಕರ್ ಎಂಬ ಬೀಗ ಇರುತ್ತದೆ. ಅದನ್ನು ತೆಗೆಯಲು 48 ಅಂಕಿಗಳ ಸಂಖ್ಯೆ ಬೇಕಾಗಬಹುದು. ಕೆಲಸ ಶುರುಮಾಡುವ ಮೊದಲೇ ಅದನ್ನು ಬರೆದಿಟ್ಟುಕೊಳ್ಳಬೇಕು.

ನಕಲು ಮಾಡುವ ಬಗೆ

ಪೆನ್ ಡ್ರೈವ್ ಚುಚ್ಚಿ. ಫೋಲ್ಡರ್ ಆಯ್ಕೆಮಾಡಿ. ಕಾಪಿ ಒತ್ತಿ. ಪೆನ್ ಡ್ರೈವ್ ತೆರೆದು ಪೇಸ್ಟ್ ಒತ್ತಿ. ಮುಗಿಯುವವರೆಗೆ ಕಾಯಿರಿ.

ಕಟ್ ಒತ್ತಬೇಡಿ. ಕಾಪಿ ಎಂದರೆ ನಕಲು. ಕಟ್ ಎಂದರೆ ಇಲ್ಲಿಂದ ಕಿತ್ತು ಅಲ್ಲಿಗೆ ಹಾಕುವುದು. ಆಗ ಮತ್ತೆ ಒಂದೇ ಪ್ರತಿ ಉಳಿಯುತ್ತದೆ.

ಮುಗಿದ ಮೇಲೆ ಇಜೆಕ್ಟ್ ಒತ್ತಿ, ಆಮೇಲೆ ಪೆನ್ ಡ್ರೈವ್ ತೆಗೆಯಿರಿ. ಸುಮ್ಮನೆ ಎಳೆದರೆ ಬರೆಯುತ್ತಿದ್ದದ್ದು ಅರ್ಧಕ್ಕೆ ನಿಲ್ಲಬಹುದು.

ಇಷ್ಟಕ್ಕೆ ಕೆಲಸ ಮುಗಿಯಲಿಲ್ಲ. ಆ ಪೆನ್ ಡ್ರೈವನ್ನು ಬೇರೆ ಕಂಪ್ಯೂಟರಿಗೆ ಹಾಕಿ ತೆರೆಯಿರಿ. ಲೆಕ್ಕ ಕಾಣುತ್ತದೆಯೇ? ಕಳೆದ ವಾರದ ಜಮೆ ಇದೆಯೇ? ಫೋಟೋ ತೆರೆಯುತ್ತದೆಯೇ? ಕಣ್ಣಾರೆ ನೋಡಿ. ತೆರೆದು ನೋಡದ ನಕಲನ್ನು ನಕಲು ಎಂದು ಎಣಿಸಬೇಡಿ.

ಕಂಪ್ಯೂಟರ್ ಏಳುವುದೇ ಇಲ್ಲ, ಆಗ?

ಹೆದರಬೇಡಿ. ವಿಂಡೋಸ್ ಕೆಟ್ಟಿದ್ದರೂ ಡಿಸ್ಕಿನಲ್ಲಿ ಲೆಕ್ಕ ಹಾಗೇ ಇರಬಹುದು. ಉಬುಂಟು ಇರುವ ಪೆನ್ ಡ್ರೈವಿನಿಂದ ಕಂಪ್ಯೂಟರನ್ನು ಎಬ್ಬಿಸಬಹುದು. ಅದರಲ್ಲಿ ಹಾಕಿಕೊಳ್ಳದೆ ಸುಮ್ಮನೆ ಬಳಸಿ ನೋಡುವ ಆಯ್ಕೆ ಇದೆ. ಹಾಗೆ ಬಳಸುತ್ತಾ ಒಳಗಿನ ಫೈಲುಗಳನ್ನು ಇನ್ನೊಂದು ಪೆನ್ ಡ್ರೈವಿಗೆ ನಕಲು ಮಾಡಬಹುದು. ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿಯೂ ನಕಲು ತೆಗೆಯಬಹುದು. ಬಿಟ್‌ಲಾಕರ್ ಬೀಗ ಇದ್ದರೆ ಮಾತ್ರ ಆ 48 ಅಂಕಿ ಬೇಕೇ ಬೇಕು.

ಅಂಗಡಿಯವರಿಗೆ ಹೀಗೆ ಹೇಳೋಣ: "ತಮ್ಮಾ, ಮೊದಲು ಡೇಟಾ ತೆಗೆದುಕೊಡು. ನಾವು ನೋಡಿದ ಮೇಲೆ ಫಾರ್ಮ್ಯಾಟ್ ಮಾಡು."

ಎರಡು ಪೆನ್ ಡ್ರೈವ್, ಎರಡು ದಾರ

ಹೊಸ ವಿಂಡೋಸ್ ಎಲ್ಲಿಂದ ಬರುತ್ತದೆ? 1995ರ ಆಗಸ್ಟ್ 24ರಂದು ವಿಂಡೋಸ್ 95 ಹೊರಬಂತು. ಸಿಡಿ ಓದುವ ಸೌಲಭ್ಯ ಇಲ್ಲದ ಕಂಪ್ಯೂಟರಿಗೆ ಅದು 13 ಫ್ಲಾಪಿಗಳಲ್ಲಿ ಬರುತ್ತಿತ್ತು. ಒಂದಾದ ಮೇಲೆ ಒಂದು ಹಾಕುತ್ತಾ ಕೂರಬೇಕಿತ್ತು. ನಡುವೆ ಒಂದು ಫ್ಲಾಪಿ ಕೆಟ್ಟರೆ ಕೆಲಸ ಅಲ್ಲೇ ನಿಂತಿತು. 2001ರ ವಿಂಡೋಸ್ ಎಕ್ಸ್‌ಪಿ ಸಿಡಿಯಲ್ಲಿ ಬಂತು. ಆಮೇಲಿನವು ಡಿವಿಡಿಯಲ್ಲಿ ಬಂದವು. ಈಗ ಹೆಚ್ಚಾಗಿ ಪೆನ್ ಡ್ರೈವಿನಿಂದಲೇ ಹಾಕುತ್ತಾರೆ.

ಇದಕ್ಕೆ ಕನಿಷ್ಠ 8 ಜಿಬಿಯ ಪೆನ್ ಡ್ರೈವ್ ಬೇಕು. ಮೈಕ್ರೋಸಾಫ್ಟ್ ಕಂಪನಿಯೇ ಮೀಡಿಯಾ ಕ್ರಿಯೇಷನ್ ಟೂಲ್ ಎಂಬ ತಂತ್ರಾಂಶ ಉಚಿತವಾಗಿ ಕೊಡುತ್ತದೆ. ಇಂಟರ್‌ನೆಟ್ ಇರುವ ಕಂಪ್ಯೂಟರಿನಲ್ಲಿ ಅದನ್ನು ತೆರೆದರೆ ಅದು ವಿಂಡೋಸನ್ನು ತಂದು ಪೆನ್ ಡ್ರೈವಿಗೆ ಬರೆಯುತ್ತದೆ.

ಇಲ್ಲಿ ಎಚ್ಚರ! ಹಾಗೆ ಬರೆಯುವಾಗ ಆ ಪೆನ್ ಡ್ರೈವಿನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ. ಲೆಕ್ಕದ ನಕಲು ಇರುವ ಪೆನ್ ಡ್ರೈವನ್ನೇ ಇದಕ್ಕೆ ಕೊಟ್ಟರೆ ನಕಲೂ ಹೋಯಿತು. ಆದ್ದರಿಂದ ಎರಡು ಬೇರೆ ಬೇರೆ ಪೆನ್ ಡ್ರೈವ್ ಇರಲಿ. ಲೆಕ್ಕ ಇರುವುದಕ್ಕೆ ಹಸಿರು ದಾರ ಕಟ್ಟಿ. ವಿಂಡೋಸ್ ಹಾಕುವುದಕ್ಕೆ ಕೆಂಪು ದಾರ ಕಟ್ಟಿ. ಕೆಂಪು ಕೆಲಸ ಮಾಡುವಾಗ ಹಸಿರು ಕಂಪ್ಯೂಟರಿನ ಹತ್ತಿರ ಇರಬಾರದು. ಬೀರುವಿನಲ್ಲಿ ಇರಲಿ.

ಹಾಕುವ ದಿನ

ಕರೆಂಟು ನಿಲ್ಲದ ಹೊತ್ತು ನೋಡಿ. ಯುಪಿಎಸ್ ಇದ್ದರೆ ಒಳ್ಳೆಯದು. ಲ್ಯಾಪ್‌ಟಾಪ್ ಆದರೆ ಪೂರ್ತಿ ಚಾರ್ಜ್ ಮಾಡಿ, ಚಾರ್ಜರ್ ಜೋಡಿಸಿಯೇ ಇಡಿ. ಮುಗಿಯಲು ಅರ್ಧ ಗಂಟೆಯೂ ಆಗಬಹುದು, ಎರಡು ಗಂಟೆಯೂ ಆಗಬಹುದು. ಯಂತ್ರ ಹಳೆಯದಾದಷ್ಟೂ ಹೊತ್ತು ಹೆಚ್ಚು.

1. ಕಂಪ್ಯೂಟರ್ ಆರಿಸಿ. ಕೆಂಪು ದಾರದ ಪೆನ್ ಡ್ರೈವ್ ಚುಚ್ಚಿ.

2. ಕಂಪ್ಯೂಟರ್ ಹಚ್ಚಿ. ಕೂಡಲೇ ಬೂಟ್ ಮೆನುವಿನ ಕೀಲಿ ಒತ್ತಿ. ಕೆಲವು ಕಂಪ್ಯೂಟರಿಗೆ ಎಫ್12, ಕೆಲವಕ್ಕೆ ಎಫ್9, ಕೆಲವಕ್ಕೆ ಎಸ್ಕೇಪ್. ಕಂಪನಿಗೊಂದು ಬಗೆ. ಪಟ್ಟಿಯಲ್ಲಿ ಪೆನ್ ಡ್ರೈವಿನ ಹೆಸರು ಆರಿಸಿ.

3. ಭಾಷೆ, ಕೀಲಿಮಣೆ ಕೇಳುತ್ತದೆ. ಆಯ್ಕೆಮಾಡಿ. ನೆಕ್ಸ್ಟ್ ಒತ್ತಿ.

4. ಪ್ರಾಡಕ್ಟ್ ಕೀ ಎಂಬ ಸಂಖ್ಯೆ ಕೇಳುತ್ತದೆ. ಅದು 25 ಅಕ್ಷರ ಮತ್ತು ಅಂಕಿಗಳದ್ದು. ಇದೇ ಕಂಪ್ಯೂಟರಿನಲ್ಲಿ ಮೊದಲೇ ಅಸಲಿ ವಿಂಡೋಸ್ ಇದ್ದರೆ ಸಾಮಾನ್ಯವಾಗಿ ಮತ್ತೆ ಕೊಡಬೇಕಿಲ್ಲ. ನನ್ನ ಬಳಿ ಕೀ ಇಲ್ಲ ಎಂಬ ಸಾಲನ್ನು ಆರಿಸಿದರೆ ಆಯಿತು. ಇಂಟರ್‌ನೆಟ್ ಬಂದ ಮೇಲೆ ಅದೇ ಗುರುತು ಹಿಡಿಯುತ್ತದೆ.

5. ಈಗ ಡಿಸ್ಕಿನ ಖಾನೆಗಳ ಪಟ್ಟಿ ಬರುತ್ತದೆ. ಇಲ್ಲಿ ನಿಲ್ಲಿ. ಕೈ ತೆಗೆಯಿರಿ. ಓದಿ.

ಇಡೀ ಕೆಲಸದಲ್ಲಿ ಬಹಳ ಎಚ್ಚರ ಬೇಕಾದ ಜಾಗ ಇದೇ. ಇಲ್ಲಿ ಸಿ, ಡಿ ಎಂಬ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಪಾರ್ಟಿಷನ್ 1, ಪಾರ್ಟಿಷನ್ 2 ಎಂದು ಇರುತ್ತದೆ. ಪಕ್ಕದಲ್ಲಿ ಗಾತ್ರ ಬರೆದಿರುತ್ತದೆ. ಸಿ ಡ್ರೈವ್ ಎಷ್ಟು ಜಿಬಿ, ಡಿ ಡ್ರೈವ್ ಎಷ್ಟು ಜಿಬಿ ಎಂದು ಮೊದಲೇ ಹಾಳೆಯಲ್ಲಿ ಬರೆದುಕೊಂಡಿದ್ದರೆ ಗುರುತು ಸಿಗುತ್ತದೆ. ಯಾವುದನ್ನು ಫಾರ್ಮ್ಯಾಟ್ ಮಾಡುತ್ತೀರೋ ಅದು ಖಾಲಿ.

ವಿಂಡೋಸ್ 11ರ ಈಚಿನ ಆವೃತ್ತಿಯಲ್ಲಿ ಮೊದಲಿಗೇ ಒಂದು ಸಣ್ಣ ಚೌಕ ಬರುತ್ತದೆ. ಫೈಲುಗಳು, ಆ್ಯಪ್‌ಗಳು, ಸೆಟ್ಟಿಂಗ್‌ಗಳು ಸೇರಿ ಎಲ್ಲವೂ ಅಳಿಸಿಹೋಗುತ್ತವೆ, ಇದಕ್ಕೆ ನಾನು ಒಪ್ಪಿದ್ದೇನೆ ಎಂದು ಅದರ ಅರ್ಥ. ಅದಕ್ಕೆ ಗುರುತು ಹಾಕಿದರೆ ಮಾತ್ರ ಮುಂದೆ ಹೋಗುತ್ತದೆ.

ಅಕ್ಕಂದಿರೇ, ಇದು ಹೆಬ್ಬೆಟ್ಟು ಒತ್ತಿದ ಹಾಗೇ ಅಲ್ಲವೇ? ಹಿಂದೆ ಕಾಗದದಲ್ಲಿ ಏನಿದೆ ಎಂದು ತಿಳಿಯದೆ ಹೆಬ್ಬೆಟ್ಟು ಒತ್ತಿ ಎಷ್ಟು ಜನ ಹೊಲ ಕಳೆದುಕೊಂಡರು! ಅದಕ್ಕೇ ಅಲ್ಲವೇ ನಾವು ಅಕ್ಷರ ಕಲಿತದ್ದು? ಪರದೆಯ ಮೇಲಿನ ಚೌಕಕ್ಕೂ ಓದದೆ ಗುರುತು ಹಾಕಬಾರದು. ಅಕ್ಷರ ಇಂಗ್ಲಿಷಿನಲ್ಲಿದ್ದರೆ ಓದಿ ಹೇಳುವವರನ್ನು ಕೇಳಿ. ಕೇಳುವುದಕ್ಕೆ ನಾಚಿಕೆ ಬೇಡ.

6. ಆಯ್ಕೆ ಆದ ಮೇಲೆ ಕಂಪ್ಯೂಟರ್ ತಾನೇ ಕೆಲಸ ಮಾಡುತ್ತದೆ. ನಡುನಡುವೆ ಆರಿ ಮತ್ತೆ ಹತ್ತುತ್ತದೆ. ಅದು ಮಾಮೂಲು. ಆರಿಸಲು ಹೋಗಬೇಡಿ. ಮೊದಲ ಸಲ ಆರಿ ಹತ್ತಿದ ಮೇಲೆ ಮತ್ತೆ ಭಾಷೆ ಕೇಳುವ ಮೊದಲ ಪರದೆಯೇ ಬಂದರೆ, ಅದು ಪೆನ್ ಡ್ರೈವಿನಿಂದ ಮತ್ತೆ ಶುರುವಾಗಿದೆ ಎಂದು ಅರ್ಥ. ಆಗ ಪೆನ್ ಡ್ರೈವ್ ತೆಗೆದು ಮತ್ತೆ ಹಚ್ಚಿ.

7. ಕೊನೆಗೆ ಹೆಸರು, ಗುಪ್ತಪದ ಕೇಳುತ್ತದೆ. ಕೊಟ್ಟು ಪುಸ್ತಕದಲ್ಲಿ ಬರೆದಿಡಿ.

ಹಾಕಿದ ಮೇಲೆ

ಮೊದಲು ಇಂಟರ್‌ನೆಟ್ ಜೋಡಿಸಿ. ವಿಂಡೋಸ್ ಅಪ್‌ಡೇಟ್ ಆಗಲಿ. ಆಮೇಲೆ ಪ್ರಿಂಟರ್ ಹಾಕಿ. ವೈರಸ್ ತಡೆಯುವ ಡಿಫೆಂಡರ್ ವಿಂಡೋಸಿನ ಜೊತೆಗೇ ಬರುತ್ತದೆ. ಕದ್ದ ವಿಂಡೋಸ್ ಹಾಕಿಸಬೇಡಿ. ಅದರ ಜೊತೆಯಲ್ಲೇ ವೈರಸ್ ಬರಬಹುದು. ಈಗ ಹಸಿರು ದಾರದ ಪೆನ್ ಡ್ರೈವ್ ತಂದು ಲೆಕ್ಕವನ್ನು ಒಳಗೆ ನಕಲು ಮಾಡಿ. ಇಲ್ಲೂ ಕಟ್ ಬೇಡ, ಕಾಪಿ ಮಾತ್ರ.

ಲೆಕ್ಕ ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣಬಹುದು. "ಅಯ್ಯೋ, ಎಲ್ಲಾ ಹಾಳಾಯ್ತು" ಎಂದು ಅಳಿಸಿಬಿಡಬೇಡಿ! ಏನೂ ಹಾಳಾಗಿಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದ ಕಡತಕ್ಕೆ ಅದೇ ಫಾಂಟ್ ಬೇಕು. ಹೊಸ ವಿಂಡೋಸಿನಲ್ಲಿ ಅದು ಇರುವುದಿಲ್ಲ. ನುಡಿ ಹಾಕಿದ ಕೂಡಲೇ ಕನ್ನಡ ಮತ್ತೆ ಕಾಣುತ್ತದೆ. ಇನ್ನು ಮುಂದೆ ಯೂನಿಕೋಡ್ ಬಗೆಯಲ್ಲಿ ಬರೆದರೆ ಈ ತೊಂದರೆ ಇಲ್ಲ. ಯೂನಿಕೋಡ್ ಕನ್ನಡ ಈಗಿನ ಕಂಪ್ಯೂಟರ್, ಮೊಬೈಲ್ ಎರಡರಲ್ಲೂ ಕಾಣುತ್ತದೆ.

ಕೊನೆಗೆ ಲೆಕ್ಕದ ಮೊತ್ತವನ್ನು ಕಾಗದದ ಕಡತದ ಮೊತ್ತಕ್ಕೆ ತಾಳೆ ನೋಡಿ. ಎರಡೂ ಒಂದೇ ಆದರೆ ಕೆಲಸ ಗೆದ್ದಿತು. ಆದರೂ ಹಸಿರು ದಾರದ್ದನ್ನು ಅಳಿಸಬೇಡಿ.

ಮೊದಲೇ ಅಳಿಸಿಹೋಗಿದ್ದರೆ

ಕಂಪ್ಯೂಟರನ್ನು ಕೂಡಲೇ ಆರಿಸಿ. ಹೊಸದೇನನ್ನೂ ಬರೆಯಬೇಡಿ. ಅಳಿಸಿದ ಮೇಲೂ ಕೆಲವು ಸಲ ಹಳೆಯ ಬರಹ ಡಿಸ್ಕಿನಲ್ಲಿ ಉಳಿದಿರುತ್ತದೆ. ಅದರ ಮೇಲೆ ಹೊಸದು ಬರೆದಷ್ಟೂ ಹಳೆಯದು ಹೋಗುತ್ತದೆ. ಅದನ್ನು ತೆಗೆದುಕೊಡುವ ತಜ್ಞರಿದ್ದಾರೆ. ಖರ್ಚು ಹೆಚ್ಚು. ಸಿಕ್ಕೇ ಸಿಗುತ್ತದೆ ಎಂಬ ಖಾತರಿ ಇಲ್ಲ. ಈಗಿನ ಎಸ್‌ಎಸ್‌ಡಿ ಎಂಬ ಡಿಸ್ಕಿನಲ್ಲಿ ಸಿಗುವುದು ಇನ್ನೂ ಕಷ್ಟ.

ಅಂಗಡಿಗೆ ಕೊಡುವ ಮುನ್ನ ಕೇಳೋಣ

"ತಮ್ಮಾ, ಫಾರ್ಮ್ಯಾಟ್ ಮಾಡಲೇಬೇಕಾ? ಬೇರೆ ದಾರಿ ಇಲ್ವಾ?" ಕೆಲವು ಸಲ ಡಿಸ್ಕ್ ತುಂಬಿದ್ದಕ್ಕೇ ನಿಧಾನವಾಗಿರುತ್ತದೆ. ವಿಂಡೋಸಿನಲ್ಲಿ ರೀಸೆಟ್ ಎಂಬ ಆಯ್ಕೆ ಇದೆ. ಅದರಲ್ಲಿ ನಮ್ಮ ಫೈಲು ಉಳಿಸಿಕೊಂಡು ವಿಂಡೋಸ್ ಮಾತ್ರ ಹೊಸದು ಮಾಡಬಹುದು. ನಾವು ಹಾಕಿಕೊಂಡ ತಂತ್ರಾಂಶ ಹೋಗುತ್ತದೆ. ಅದಕ್ಕೂ ಮೊದಲು ನಕಲು ಇರಲೇಬೇಕು.

"ಯಾವ ಖಾನೆ ಅಳಿಸ್ತೀಯಪ್ಪಾ? ಸಿ ಮಾತ್ರವಾ, ಎಲ್ಲಾನಾ?"

"ಹಾಕೋದು ಅಸಲಿ ವಿಂಡೋಸಾ?"

"ನಕಲು ನಮ್ಮ ಕೈಗೇ ಕೊಡ್ತೀಯಾ?" ಇದು ಬಹಳ ಮುಖ್ಯ. ಸದಸ್ಯರ ಆಧಾರ್, ಪಾಸ್‌ಬುಕ್ ಪ್ರತಿ ನಮ್ಮ ಕಂಪ್ಯೂಟರಿನಲ್ಲಿ ಇರುತ್ತವೆ. ಅವು ಅಂಗಡಿಯ ಕಂಪ್ಯೂಟರಿನಲ್ಲಿ ಉಳಿಯಬಾರದು. ಅಲ್ಲಿ ನಕಲು ಮಾಡಿದ್ದರೆ ನಮ್ಮ ಎದುರೇ ಅಳಿಸಲು ಹೇಳೋಣ.

ನೆನಪಿಡೋಣ

- ಫಾರ್ಮ್ಯಾಟ್ ಎಂದರೆ ಖಾಲಿ ಮಾಡುವುದು.
- ಡೆಸ್ಕ್‌ಟಾಪಿನಲ್ಲಿ ಇಟ್ಟದ್ದೂ ಸಿ ಡ್ರೈವಿನಲ್ಲೇ ಇರುತ್ತದೆ.
- ನಕಲು ಕಂಪ್ಯೂಟರಿನ ಹೊರಗೆ, ಎರಡು ಕಡೆ ಇರಲಿ.
- ತೆರೆದು ನೋಡಿದ ನಕಲೇ ನಕಲು.
- ಓದದೆ ಗುರುತು ಹಾಕಬೇಡಿ.

ಹೊಸ ಪದಗಳು

ಬ್ಯಾಕಪ್: ಬೇರೆ ಕಡೆ ಇಟ್ಟ ನಕಲು
ಡಿಲೀಟ್: ಅಳಿಸು
ಕ್ಯಾನ್ಸಲ್: ಬೇಡ, ನಿಲ್ಲಿಸು
ನೆಕ್ಸ್ಟ್: ಮುಂದಕ್ಕೆ
ಬ್ಯಾಕ್: ಹಿಂದಕ್ಕೆ
ಇನ್‌ಸ್ಟಾಲ್: ಕಂಪ್ಯೂಟರಿಗೆ ಹಾಕು

ಬಿಟ್ಟ ಜಾಗ ತುಂಬಿ

1. ಕಾಪಿ ಎಂದರೆ ________.
2. ಲೆಕ್ಕ ಇರುವ ಪೆನ್ ಡ್ರೈವಿಗೆ ________ ದಾರ ಕಟ್ಟೋಣ.
3. ವಿಂಡೋಸ್ ಹಾಕುವ ಪೆನ್ ಡ್ರೈವ್ ಕನಿಷ್ಠ ________ ಜಿಬಿ ಇರಬೇಕು.

ಉತ್ತರ ಬರೆಯಿರಿ

1. ಸಂಘದಲ್ಲಿ ಯಾರ ಉಳಿತಾಯ ಎಷ್ಟು ಎಂದು ಬ್ಯಾಂಕಿನ ಪಾಸ್‌ಬುಕ್ ಯಾಕೆ ಹೇಳುವುದಿಲ್ಲ?
2. ಡಿ ಡ್ರೈವಿನಲ್ಲಿ ಇಟ್ಟ ನಕಲನ್ನು ಯಾಕೆ ನಂಬಬಾರದು?
3. 22 ಮಂದಿ ಇರುವ ಸಂಘದಲ್ಲಿ ಒಬ್ಬೊಬ್ಬರು ವಾರಕ್ಕೆ 50 ರೂಪಾಯಿ ಉಳಿಸಿದರೆ ಒಂದು ವರ್ಷಕ್ಕೆ, ಅಂದರೆ 52 ವಾರಕ್ಕೆ, ಎಷ್ಟಾಗುತ್ತದೆ?

ಸಂಘದಲ್ಲಿ ಚರ್ಚಿಸಿ

ನಮ್ಮ ಸಂಘದ ಲೆಕ್ಕ ಈಗ ಎಲ್ಲೆಲ್ಲಿ ಇದೆ? ನಕಲು ಮಾಡುವ ಹೊಣೆ ಯಾರದು? ಯಾವ ದಿನ ಮಾಡೋಣ? ನಕಲು ಯಾರ ಮನೆಯಲ್ಲಿ ಇರಬೇಕು? ಮಾತಾಡಿ ಗೊತ್ತುಮಾಡಿ. ಗೊತ್ತುಮಾಡಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಕೆಳಗಿನ ಚೀಟಿಯನ್ನು ದಪ್ಪ ಅಕ್ಷರದಲ್ಲಿ ಬರೆದು ಬೀರುವಿನ ಬಾಗಿಲ ಒಳಗೆ ಅಂಟಿಸಿ.

ಕೊನೆಯ ನಕಲು ಮಾಡಿದ ತಾರೀಕು: ________
ಮಾಡಿದವರು: ________
ತೆರೆದು ನೋಡಿದವರು: ________